ಬಳ್ಳಾರಿ ಹೊರಗಿನ ಹಿರಿಯರ ಗೇಟೆಡ್ ಕಾಂಪ್ಲೆಕ್ಸ್: ಸ್ವಂತ ಮನೆ ಬಿಟ್ಟು ಹೋಗಬಹುದಾ? ಅಲ್ಲಿ ಇರುವವರು ಹೇಳಿ

ಗಾಂಧಿನಗರ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರ್ ಆದವನು ನಾನು. ಬಳ್ಳಾರಿ ಗಾಂಧಿನಗರದಲ್ಲಿ ಸ್ವಂತ ಮನೆ ಇದೆ. ಹೆಂಡತಿಗೆ ಮೊಣಕಾಲು ನೋವು, ನನಗೆ ಶುಗರ್. ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ. ಮಹಡಿ ಮನೆ ಖಾಲಿ ಬಿದ್ದಿದೆ, ಹತ್ತಿ ಕಸ ಗುಡಿಸುವವರೂ ಇಲ್ಲ.

ಹೊಸಪೇಟೆ ರಸ್ತೆ ಕಡೆ 55 ದಾಟಿದವರಿಗೆ ಅಂತಲೇ ಕಟ್ಟಿರುವ ಒಂದು ಕಾಂಪ್ಲೆಕ್ಸನ್ನು ಮಗ ನೋಡಿ ಬಂದಿದ್ದಾನೆ. ಹೆಸರು ಬೇಡ. ಸುಮಾರು 60 ಮನೆ. ಕ್ಲಬ್‌ಹೌಸ್, ಈಜುಕೊಳ, ವಾಕಿಂಗ್ ಟ್ರ್ಯಾಕ್, ಊಟದ ಹಾಲ್, ವಾರಕ್ಕೊಮ್ಮೆ ಡಾಕ್ಟರ್, ಬಾತ್‌ರೂಮಿನಲ್ಲಿ ಎಮರ್ಜೆನ್ಸಿ ಬಟನ್. ಫ್ಲ್ಯಾಟ್ ಖರೀದಿ ಮಾಡಬಹುದು, ಇಲ್ಲಾ ದೊಡ್ಡ ಡೆಪಾಸಿಟ್ ಕಟ್ಟಿ ಇರಬಹುದು ಅನ್ನುತ್ತಾರೆ. ಮೇಂಟೆನೆನ್ಸ್ ಚದರಡಿಗೆ 4 ರೂಪಾಯಿ. ಅಂದರೆ 1,150 ಚದರಡಿಗೆ ತಿಂಗಳಿಗೆ 4,600. ಊಟದ ಲೆಕ್ಕ ಬೇರೆ.

ಮಗ ಬ್ರೋಷರ್ ಹಿಡಿದು ಕುಣಿಯುತ್ತಿದ್ದಾನೆ. ಹೆಂಡತಿ ಮಾತ್ರ "ಈಜುಕೊಳಕ್ಕೆ ಮೊದಲು ನೀವು ಇಳಿಯುತ್ತೀರೋ ನಾನು ಇಳಿಯಲೋ?" ಅಂತ ಕೇಳುತ್ತಾಳೆ. ಅನುಭವ ಇರುವವರು ದಯವಿಟ್ಟು ಹೇಳಿ.

ಕೌಲ್‌ಬಜಾರ್

ಸರ್, ನೇರ ಹೇಳುತ್ತೇನೆ, ಬೇಡ. ಗಾಂಧಿನಗರದಲ್ಲಿ ಇದ್ದೀರಿ. ಮೆಡಿಕಲ್ ಶಾಪ್ ಕಾಲ್ನಡಿಗೆಯಲ್ಲಿ ಇದೆ. ಆಟೋ ಕೂಗಿದರೆ ಬರುತ್ತದೆ. ಸಂಜೆ ಮಿರ್ಚಿ ಮಂಡಕ್ಕಿ ತಿನ್ನಬೇಕು ಅನಿಸಿದರೆ ಚಪ್ಪಲಿ ಹಾಕಿಕೊಂಡರೆ ಸಾಕು. ಅಲ್ಲಿ ಹೋದರೆ ಬರೀ ಮುದುಕರ ಮುಖ ಮುದುಕರು ನೋಡಬೇಕು. ಓಣಿಯಲ್ಲಿ ಮಕ್ಕಳು ಕಿರುಚಾಡುವ ಸದ್ದು ಬೇಕಲ್ವಾ? ಮೇಲಿನ ಮನೆ ಬಾಡಿಗೆಗೆ ಕೊಡಿ, ಒಳ್ಳೇ ಸಂಸಾರಸ್ಥರು ಸಿಗುತ್ತಾರೆ. ರಾತ್ರಿ ಕರೆದರೆ ಅವರೇ ಇಳಿದು ಬರುತ್ತಾರೆ.

ಎ ಬ್ಲಾಕ್ ಅಜ್ಜಿ

ನಾನು ಇಂಥದ್ದೇ ಒಂದು ಕಡೆ ಇದ್ದೇನೆ. ನೀವು ಹೇಳುವ ಜಾಗವೋ ಬೇರೆಯೋ ಅಂತ ಕೇಳಬೇಡಿ.

ಮೊದಲು ಒಳ್ಳೆಯದು. ಯಜಮಾನರು ಹೋದ ಮೇಲೆ ಹಳೇ ಮನೆಯಲ್ಲಿ ಒಬ್ಬಳೇ ಇದ್ದಾಗ ಸಂಜೆ ಆರಕ್ಕೆ ಚಿಲಕ ಹಾಕಿದರೆ ಬೆಳಿಗ್ಗೆ ಹಾಲಿನವನಿಗೇ ತೆಗೆಯುತ್ತಿದ್ದೆ. ಇಲ್ಲಿ ರಾತ್ರಿ ಒಂಬತ್ತರವರೆಗೂ ಹೊರಗೆ ಬೆಂಚಿನ ಮೇಲೆ ಕೂರುತ್ತೇವೆ. ನಲ್ಲಿ ಕೆಟ್ಟರೆ, ಬಲ್ಬ್ ಹೋದರೆ ರಿಜಿಸ್ಟರಿನಲ್ಲಿ ಬರೆದರೆ ಆಯಿತು. ಇದೊಂದಕ್ಕೇ ನಾನು ವಾಪಸ್ ಹೋಗುವುದಿಲ್ಲ.

ಇನ್ನು ನಿಮ್ಮ ಬ್ರೋಷರ್. ನಮ್ಮಲ್ಲಿ ಜಿಮ್ ಇದೆ, ಅದರೊಳಗೆ ಹಳೇ ಕುರ್ಚಿ ಜೋಡಿಸಿದ್ದಾರೆ. ಈಜುಕೊಳಕ್ಕೆ ಮೇ ತಿಂಗಳಲ್ಲಿ ಮೊಮ್ಮಕ್ಕಳು ಬಂದಾಗ ಮಾತ್ರ ಜೀವ. ದಿನಾ ಬಳಕೆಯಾಗುವುದು ಊಟದ ಹಾಲ್ ಮತ್ತು ಬೆಂಚು. ಊಟದ ಬಗ್ಗೆ ಒಂದಿಷ್ಟು ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮಲ್ಲಿ ನಡೆದ ಜಗಳಗಳಲ್ಲಿ ಅರ್ಧ ಇದರದ್ದೇ.

ಶುರುವಿನಲ್ಲಿ ಕೇಟರಿಂಗ್‌ನವರು ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಚಪಾತಿ ಕೊಡುತ್ತಿದ್ದರು. ಜೋಳದ ರೊಟ್ಟಿ ಇಲ್ಲ! ಇಡೀ ಜನ್ಮ ರೊಟ್ಟಿ ತಿಂದವರಿಗೆ ದಿನಾ ಮೈದಾದಂಥ ಚಪಾತಿ. ಶುಗರ್ ಇರುವವರು ಗೊಣಗಿದರು. ಆಮೇಲೆ ಕಡಕ್ ರೊಟ್ಟಿ ತರಿಸಿದರು, ಹಲ್ಲಿಲ್ಲದವರು ಅದನ್ನು ಪಲ್ಯದಲ್ಲಿ ನೆನೆಸಿಟ್ಟು ಕಾಯುತ್ತಾ ಕೂರಬೇಕಾಯಿತು. ಕೊನೆಗೆ ಪಕ್ಕದ ಊರಿನ ಇಬ್ಬರು ಹೆಣ್ಣುಮಕ್ಕಳು ಬಂದು ಬಿಸಿ ಮೆತ್ತನೆ ರೊಟ್ಟಿ ಬಡಿಯಲು ಶುರು ಮಾಡಿದರು. ಜೊತೆಗೆ ಪುಂಡಿ ಪಲ್ಯ, ಗುರೆಳ್ಳು ಚಟ್ನಿ, ಮೊಸರು. ಆ ದಿನದಿಂದ ಹಾಲ್ ತುಂಬುತ್ತಿದೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿಗೆ ಬೇರೆ ಪಾತ್ರೆ. ಮೊಟ್ಟೆ, ಮಾಂಸ ಹಾಲ್‌ನಲ್ಲಿ ಇಲ್ಲ, ಮನೆಯಲ್ಲಿ ಮಾಡಿಕೊಳ್ಳಬಹುದು. ಇದನ್ನು ಮೊದಲೇ ಬಾಯಿಬಿಟ್ಟು ಕೇಳಿ. ಕೆಲವು ಕಡೆ ಮನೆಯೊಳಗೂ ಬೇಡ ಅಂತ ಸೊಸೈಟಿಯವರು ಮುಖ ಗಂಟಿಕ್ಕುತ್ತಾರೆ.

ಟಿವಿ ಜಗಳವೂ ಇದೆ. ನಮ್ಮೂರಲ್ಲಿ ಅರ್ಧ ಮನೆಗಳಲ್ಲಿ ತೆಲುಗು. ಸಂಜೆ ಕನ್ನಡ ಸೀರಿಯಲ್ಲೋ ತೆಲುಗು ಸೀರಿಯಲ್ಲೋ ಅಂತ ರಿಮೋಟ್ ಬಚ್ಚಿಟ್ಟವರೂ ಇದ್ದಾರೆ. ಈಗ ದಿನ ಬಿಟ್ಟು ದಿನ.

ಪೈಪ್‌ಲೈನ್

ನೀರು ಸರಬರಾಜು ಕೆಲಸದಲ್ಲೇ ನನ್ನ ಸರ್ವಿಸ್ ಮುಗಿಯಿತು. ಮೇಷ್ಟ್ರೇ, ಎಲ್ಲಕ್ಕಿಂತ ಮೊದಲು ನೀರು ಕೇಳಿ.

ಬಳ್ಳಾರಿ ನಗರಕ್ಕೆ ನೀರು ತುಂಗಭದ್ರೆಯದು. ಕಾಲುವೆಯಲ್ಲಿ ಹರಿಯುವಾಗ ಅಲ್ಲೀಪುರ, ಮೋಕಾ ಕೆರೆಗಳಲ್ಲಿ ತುಂಬಿಸಿಟ್ಟುಕೊಳ್ಳಬೇಕು. ಬೇಸಿಗೆಯಲ್ಲಿ ಕಾಲುವೆ ಬಂದ್. ಡ್ಯಾಮಿನ ಕಥೆ ಗೊತ್ತೇ ಇದೆ. ಹೂಳು ತುಂಬಿ 133 ಟಿಎಂಸಿ ಇದ್ದದ್ದು ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟಿನಲ್ಲಿ 33 ಗೇಟುಗಳಲ್ಲಿ 19ನೆಯದು ಚೈನ್ ಕಡಿದು ಕೊಚ್ಚಿ ಹೋದಾಗ ಎಷ್ಟು ನೀರು ಸುಮ್ನೆ ಹರಿದು ಹೋಯಿತು ಅಂತ ಎಲ್ಲರೂ ನೋಡಿದ್ದೇವೆ. ಊರೊಳಗೇ ನಲ್ಲಿ ನೀರಿಗೆ ದಿನ ಎಣಿಸುತ್ತೇವೆ. ಊರ ಹೊರಗೆ ಪಂಚಾಯ್ತಿ ವ್ಯಾಪ್ತಿಯ ಜಾಗ ಅಂದರೆ ಕಾರ್ಪೊರೇಷನ್ ಲೈನ್ ಬಂದೇ ಬರುತ್ತದೆ ಅನ್ನುವಂತಿಲ್ಲ. ಬೋರ್‌ವೆಲ್ ಮತ್ತು ಟ್ಯಾಂಕರ್ ಮೇಲೆ ನಿಂತಿರುತ್ತದೆ.

ನೀವು ಗಣಿತದವರು, ಲೆಕ್ಕ ಹಾಕಿ. ತಲೆಗೆ ದಿನಕ್ಕೆ 135 ಲೀಟರ್ ಅನ್ನುವುದು ನಗರಗಳಿಗೆ ಹಿಡಿಯುವ ಅಳತೆ. 60 ಮನೆ, ಮನೆಗಿಬ್ಬರು ಅಂದರೆ ದಿನಕ್ಕೆ 16,200 ಲೀಟರ್. ಗಿಡ, ಅಡುಗೆಮನೆ, ಕೆಲಸದವರ ಲೆಕ್ಕ ಸೇರಿಲ್ಲ. 50,000 ಲೀಟರ್ ಸಂಪ್ ಮೂರು ದಿನಕ್ಕೆ ತಳ ಕಾಣುತ್ತದೆ. ಹತ್ತು ದಿನ ತಡೆಯಬೇಕು ಅಂದರೆ ಒಂದು ಲಕ್ಷ ಅರವತ್ತೆರಡು ಸಾವಿರ ಲೀಟರ್ ಸಂಗ್ರಹ ಬೇಕು. ಸಂಪ್ ಎಷ್ಟು ದೊಡ್ಡದು ಅಂತ ಸೇಲ್ಸ್ ಹುಡುಗನನ್ನು ಕೇಳಿ, ಅವನಿಗೆ ಕ್ಲಬ್‌ಹೌಸಿನ ಟೈಲ್ಸ್ ಬಣ್ಣ ಗೊತ್ತಿರುತ್ತದೆ, ಇದು ಗೊತ್ತಿರುವುದಿಲ್ಲ.

ಈಜುಕೊಳದ ಲೆಕ್ಕವನ್ನೂ ಹಾಕೋಣ. 12 ಮೀಟರ್ ಉದ್ದ, 6 ಅಗಲ, 1.2 ಆಳ ಅಂದರೆ 86,400 ಲೀಟರ್. 5,000 ಲೀಟರಿನ ಟ್ಯಾಂಕರ್ ಹದಿನೇಳು ಬಂದರೂ ಪೂರ್ತಿ ತುಂಬುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ದಿನಕ್ಕೆ 8 ಮಿಲಿಮೀಟರ್ ಆವಿಯಾದರೂ 570 ಲೀಟರಿನಷ್ಟು ಗಾಳಿಗೆ ಹೋಯಿತು. ನಾಲ್ಕು ಜನ ಒಂದು ದಿನ ಬಳಸುವ ನೀರು. ಅದರ ದುಡ್ಡು ಮೇಂಟೆನೆನ್ಸಿನಲ್ಲೇ ಬರುತ್ತದೆ, ನೀವು ಇಳಿದರೂ ಇಳಿಯದಿದ್ದರೂ.

ಬೋರ್ ನೀರಿನ ಲ್ಯಾಬ್ ರಿಪೋರ್ಟ್ ಕೇಳಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, 1ರೊಳಗೆ ಇದ್ದರೆ ಒಳ್ಳೆಯದು. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಅಳತೆ, 500ರೊಳಗೆ ಇರಬೇಕು, ಬೇರೆ ನೀರೇ ಇಲ್ಲ ಅಂದರೆ 2,000ದವರೆಗೆ ಒಪ್ಪುತ್ತಾರೆ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರು ಕಡೆಯೂ ಬೋರ್ ನೀರಿನಲ್ಲಿ ಫ್ಲೋರೈಡ್ ತೊಂದರೆ ಇದೆ. ಆರ್‌ಒ ಹಾಕಿದ್ದೇವೆ ಅನ್ನುತ್ತಾರೆ. ಸರಿ, ಆದರೆ ಆರ್‌ಒ ಹೊರಗೆ ಬಿಡುವ ನೀರು ಎಲ್ಲಿಗೆ ಹೋಗುತ್ತದೆ ಅಂತಲೂ ನೋಡಿ. ನೆಲ ಒರೆಸಲು, ಫ್ಲಶ್‌ಗೆ ತಿರುಗಿಸಿದ್ದರೆ ಆ ಎಂಜಿನಿಯರ್ ಬುದ್ಧಿವಂತ.

ರಾಯಚೂರು ಬಿಸಿಲು

ನಮ್ಮ ಅಣ್ಣ ಶಕ್ತಿನಗರದಲ್ಲಿ ರಿಟೈರ್ ಆಗಿ ರಾಯಚೂರಲ್ಲಿ ಫ್ಲ್ಯಾಟಿಗೆ ಹೋದ. ಎರಡೇ ಮಾತು. ಮೇಲಿನ ಅಂತಸ್ತು ಬೇಡವೇ ಬೇಡ, ಆರ್‌ಸಿಸಿ ಸ್ಲ್ಯಾಬ್ ರಾತ್ರಿ ಹನ್ನೊಂದಕ್ಕೂ ಕಾದಿರುತ್ತದೆ. ಪಶ್ಚಿಮದ ಗೋಡೆಯ ಬೆಡ್‌ರೂಮೂ ಬೇಡ. ಮತ್ತೆ ಜೆಸ್ಕಾಂ ಕರೆಂಟ್ ಹೋದಾಗ ಜನರೇಟರ್ ಏನೇನು ಎಳೆಯುತ್ತದೆ ಕೇಳಿ. 'ಪವರ್ ಬ್ಯಾಕಪ್' ಅಂತ ದೊಡ್ಡದಾಗಿ ಬರೆದಿರುತ್ತಾರೆ. ಒಂದು ಫ್ಯಾನು, ಒಂದು ಲೈಟು. ಎಸಿ ಇಲ್ಲ, ಫ್ರಿಜ್ ಇಲ್ಲ. ಇನ್ಸುಲಿನ್ ಇಡುವವರು ಏನು ಮಾಡಬೇಕು?

ಕರಾರು ಓದುವವ

ಕಾಗದದ ಮಾತು ನಾನು ಹೇಳುತ್ತೇನೆ.

ಮನೆ ಕೊಳ್ಳುವವರ ರಕ್ಷಣೆಗೆ ಇರುವ ರೇರಾ ಕಾಯ್ದೆ 2016ರದು. ಜಾಗ 500 ಚದರ ಮೀಟರ್ ದಾಟಿ, ಮನೆಯೂ ಎಂಟಕ್ಕಿಂತ ಹೆಚ್ಚಿದ್ದರೆ ಹೊಸ ಪ್ರಾಜೆಕ್ಟ್ ನೋಂದಣಿ ಆಗಲೇಬೇಕು. ನಂಬರ್ ಕೇಳಿ, ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ನೀವೇ ನೋಡಿ. ಅಗ್ರಿಮೆಂಟ್ ನೋಂದಣಿಗೆ ಮೊದಲು ಶೇ 10ಕ್ಕಿಂತ ಜಾಸ್ತಿ ಮುಂಗಡ ಕೇಳುವಂತಿಲ್ಲ. ಸ್ವಾಧೀನ ಕೊಟ್ಟ ಮೇಲೆ ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರ್ ಸ್ವಂತ ಖರ್ಚಿನಲ್ಲಿ ಸರಿ ಮಾಡಬೇಕು. ಬ್ರೋಷರ್ ಎಸೆಯಬೇಡಿ. ಅದರಲ್ಲಿ ಹೇಳಿದ್ದು ಸುಳ್ಳಾಗಿ ನಿಮಗೆ ನಷ್ಟವಾದರೆ 12ನೇ ಸೆಕ್ಷನ್ ಪ್ರಕಾರ ಪರಿಹಾರ ಕೇಳಬಹುದು. ಮಗ ಕುಣಿದ ಬ್ರೋಷರ್ ಮುಂದೆ ನಿಮ್ಮ ಸಾಕ್ಷಿ.

ಹಂಚಿಕೊಂಡು ಬಳಸುವ ಸೌಕರ್ಯ ಯಾರದು ಅನ್ನುವುದೇ ಇಲ್ಲಿ ಮುಖ್ಯ. ಕ್ಲಬ್‌ಹೌಸ್, ಅಡುಗೆಮನೆ, ಸಂಪ್, ಜನರೇಟರ್ ಎಲ್ಲವೂ ಸಾಮಾನ್ಯ ಜಾಗ ಅಂತ ದಾಖಲೆಯಲ್ಲಿ ಬಂದು ಮಾಲೀಕರ ಸಂಘಕ್ಕೆ ವರ್ಗ ಆಗಬೇಕು. ಕೆಲವರು ಕ್ಲಬ್‌ಹೌಸನ್ನು ತಮ್ಮ ಹೆಸರಿನಲ್ಲೇ ಇಟ್ಟುಕೊಂಡು ನಮಗೇ ಫೀಸ್ ಹಾಕುತ್ತಾರೆ. ನನ್ನ ಸಂಬಂಧಿಕರೊಬ್ಬರ ಕಡೆ ಬಿಲ್ಡರ್ ಅದನ್ನು ಮದುವೆ ರಿಸೆಪ್ಷನ್‌ಗೆ ಬಾಡಿಗೆಗೆ ಕೊಟ್ಟ. ರಾತ್ರಿ ಹನ್ನೆರಡರವರೆಗೆ ಡಿಜೆ, ಮೇಲೆ ಬಿಪಿ ಪೇಷಂಟುಗಳು.

ಡೆಪಾಸಿಟ್ ದಾರಿ ಹಿಡಿಯುವಿರಾದರೆ ಹುಷಾರು. ಬಾಡಿಗೆಗೆ ಪಡೆದವರು ರೇರಾ ಲೆಕ್ಕದಲ್ಲಿ ಖರೀದಿದಾರರಲ್ಲ. ಡೆಪಾಸಿಟ್ ಯಾವಾಗ ವಾಪಸ್? ಬೇರೆಯವರು ಬಂದ ಮೇಲಾ, ಬಿಟ್ಟ ತಿಂಗಳಲ್ಲಾ? ಗಂಡ ಹೆಂಡತಿಯಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ಅದೇ ಕರಾರಿನಲ್ಲಿ ಇರಬಹುದಾ? ಇವೆರಡಕ್ಕೂ ಬರಹದಲ್ಲಿ ಉತ್ತರ ಇಲ್ಲದಿದ್ದರೆ ಅಲ್ಲಿಂದ ಎದ್ದು ಬನ್ನಿ. ಖರೀದಿಯಾದರೆ, ನಿಮ್ಮ ನಂತರ ಮನೆ ಮಕ್ಕಳಿಗೆ ಬಂದಾಗ ಅವರಿಗೆ 55 ಆಗಿರದಿದ್ದರೆ ಬಂದು ಇರಬಹುದಾ, ಬರೀ ಮಾರಬಹುದಾ ಅಂತ ನೋಡಿ.

ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ನಿವೃತ್ತರ ಮನೆಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಬಿಲ್ಡರ್, ಸೇವೆ ಕೊಡುವ ಏಜೆನ್ಸಿ, ಮನೆಯವರು ಮೂವರೂ ಸಹಿ ಹಾಕುವ ಒಪ್ಪಂದ ಇರಲಿ ಅನ್ನುತ್ತದೆ ಅದು. ಒಳ್ಳೇ ಮಾತು. ಅಡುಗೆಯವರು, ನರ್ಸು ಬಿಟ್ಟು ಹೋದರೆ ಬಿಲ್ಡರ್ ಏಜೆನ್ಸಿ ಕಡೆ, ಏಜೆನ್ಸಿ ಬಿಲ್ಡರ್ ಕಡೆ ಬೆರಳು ತೋರಿಸುವುದು ತಪ್ಪುತ್ತದೆ.

ಇನ್ನೊಂದು. ಗಾಂಧಿನಗರದ ಮನೆಯನ್ನು ಹೋಗುವ ಮೊದಲೇ ಮಗನಿಗೆ ಬರೆದುಕೊಡುವ ಯೋಚನೆ ಇದ್ದರೆ, ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ದಾನಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಹಿಡಿದು ರದ್ದು ಕೇಳುವಾಗ ಆ ಸಾಲು ಬೇಕಾಗುತ್ತದೆ. ಅರ್ಜಿ ಹೋಗುವುದು ಉಪವಿಭಾಗಾಧಿಕಾರಿ ಮುಂದೆ.

ಕೊಪ್ಪಳದ ಮಗಳು

ನಾನು ಇನ್ನೊಂದು ಕಡೆಯಿಂದ ಬರೆಯುತ್ತಿದ್ದೇನೆ. ಅಪ್ಪ ಅಮ್ಮ ಕೊಪ್ಪಳದಲ್ಲಿ, ನಾನು ಬೆಂಗಳೂರಿನಲ್ಲಿ. ಗಿಣಿಗೇರಾ ಕಡೆ ಜಾಗ ನೋಡಿ ಫ್ಯಾಕ್ಟರಿ ಧೂಳಿಗೆ ಹೆದರಿ ಬಿಟ್ಟೆವು. ಬಳ್ಳಾರಿ ಸುತ್ತ ನೋಡುವವರೂ ಕಿಟಕಿ ಮೇಲೆ ಬೆರಳಾಡಿಸಿ ನೋಡಿ.

ಕೌಲ್‌ಬಜಾರ್ ಅವರೇ, 'ಬಾಡಿಗೆಯವರು ಇಳಿದು ಬರುತ್ತಾರೆ' ಅಂದಿರಿ. ಅಮ್ಮ ಬಾತ್‌ರೂಮಿನಲ್ಲಿ ಬಿದ್ದ ದಿನ ಮೇಲಿನ ಮನೆಯವರು ಊರಿಗೆ ಹೋಗಿದ್ದರು. ಅವರ ತಪ್ಪೇನಿಲ್ಲ, ಅವರು ಬಾಡಿಗೆಗೆ ಬಂದವರು, ಕಾವಲಿಗಲ್ಲ. ಅಪ್ಪ ಫೋನ್ ಮಾಡಿದಾಗ ನಾನು ಆಫೀಸಿನಲ್ಲಿ ಕೂತು ಯಾರ್‍ಯಾರಿಗೋ ಫೋನ್ ಹಚ್ಚುತ್ತಿದ್ದೆ. 'ಮಕ್ಕಳು ಕೈ ತೊಳೆದುಕೊಳ್ಳಲು ಅಲ್ಲಿಗೆ ಕಳಿಸುತ್ತಾರೆ' ಅನ್ನುವ ಮಾತು ಎಲ್ಲರೂ ಆಡುತ್ತಾರೆ. ಅದು ಸ್ವಲ್ಪ ಅನ್ಯಾಯ.

ಕೌಲ್‌ಬಜಾರ್

ನಾನು ಹಾಗೆ ಅಂದಿಲ್ಲ ತಾಯಿ. ಆದರೆ ಬಟನ್ ಒತ್ತಿದರೆ ರಾತ್ರಿ ಎರಡಕ್ಕೆ ಯಾರು ಬರುತ್ತಾರೆ? ಅದನ್ನು ಅಜ್ಜಿ ಹೇಳಲಿ.

ಎ ಬ್ಲಾಕ್ ಅಜ್ಜಿ

ಹೇಳುತ್ತೇನೆ. ಮೊದಲ ಸಲ ಒಬ್ಬರು ಬಟನ್ ಒತ್ತಿದಾಗ ಗೇಟಿನ ಸೆಕ್ಯುರಿಟಿ ಓಡಿ ಬಂದ. ಬಾಗಿಲು ಒಳಗಿಂದ ಚಿಲಕ. ಇನ್ನೊಂದು ಕೀ ಆಫೀಸಿನಲ್ಲಿ, ಆಫೀಸಿಗೆ ಬೀಗ, ಮ್ಯಾನೇಜರ್ ಊರಲ್ಲಿ. ಬಾಗಿಲು ಒಡೆದರು. ಈಗ ರಾತ್ರಿ ಒಬ್ಬ ಅಟೆಂಡರ್ ಇಲ್ಲೇ ಮಲಗುತ್ತಾನೆ, ಕೀಗಳು ಅವನ ಹತ್ತಿರ ಸೀಲ್ ಮಾಡಿದ ಕವರಿನಲ್ಲಿ. ರಾತ್ರಿ ಚಿಲಕ ಹಾಕಬಾರದು, ಲಾಕ್ ಮಾತ್ರ ಅಂತ ನಿಯಮ. ಬಾತ್‌ರೂಮ್ ಬಾಗಿಲು ಹೊರಗೆ ತೆರೆಯಬೇಕು. ಒಳಗೆ ತೆರೆಯುವ ಬಾಗಿಲಿಗೆ ಬಿದ್ದವರೇ ಅಡ್ಡವಾಗುತ್ತಾರೆ, ತಳ್ಳಿದರೆ ಅವರಿಗೇ ಪೆಟ್ಟು. ಇಷ್ಟು ದೊಡ್ಡ ಕಟ್ಟಡ ಕಟ್ಟಿದವರಿಗೆ ಇದು ಹೊಳೆದಿರಲಿಲ್ಲ ನೋಡಿ, ನಾವು ಕಾರ್ಪೆಂಟರ್ ಕರೆಸಿ ತಿರುಗಿಸಿಕೊಂಡೆವು.

ಲಿಫ್ಟ್ ಕೂಡ ನೋಡಿ. ಆರು ಜನರ ಲಿಫ್ಟಿನಲ್ಲಿ ಸ್ಟ್ರೆಚರ್ ಮಲಗಿಸಲು ಆಗಲ್ಲ, ಕುರ್ಚಿಯಲ್ಲಿ ಕೂರಿಸಿ ಇಳಿಸಬೇಕು. ವಾರಕ್ಕೊಮ್ಮೆ ಬರುವ ಡಾಕ್ಟರ್ ಬಿಪಿ ನೋಡಿ ಹೋಗುತ್ತಾರೆ, ಅಷ್ಟೇ. ಪಾರ್ಶ್ವವಾಯುವಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆ ಸಮಯ ಅಂತ ಅವರೇ ಹೇಳಿದ್ದು. ಅದರೊಳಗೆ ಸ್ಕ್ಯಾನ್ ಕೂಡ ಆಗಬೇಕು. ಹಾಗಾಗಿ ನಮ್ಮ ವಾರದ ಡಾಕ್ಟರಿಗಿಂತ ಬಳ್ಳಾರಿಯ ದೊಡ್ಡ ಸರ್ಕಾರಿ ಆಸ್ಪತ್ರೆ ವಿಮ್ಸ್‌ವರೆಗಿನ ರಸ್ತೆ ಮುಖ್ಯ. ಅದಿರು ಲಾರಿಗಳ ಸಾಲು ಇರುವ ಹೊತ್ತಿನಲ್ಲಿ ಒಮ್ಮೆ ಆ ರಸ್ತೆಯಲ್ಲಿ ಹೋಗಿ ನೋಡಿ.

ಇನ್ನೊಂದು ಮಾತು ಬ್ರೋಷರಿನಲ್ಲಿ ಇರುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಸತ್ತರೆ ಎಲ್ಲಿ ಮಲಗಿಸುತ್ತಾರೆ? ನಮ್ಮಲ್ಲಿ ಒಬ್ಬರು ತೀರಿಕೊಂಡಾಗ ಊರಿಂದ ಜೀಪುಗಳಲ್ಲಿ ಜನ ಬಂದರು. ಸೆಕ್ಯುರಿಟಿಯವನು ಒಬ್ಬೊಬ್ಬರ ಹೆಸರು, ಫೋನ್ ನಂಬರ್ ಬರೆಸಿಕೊಳ್ಳುತ್ತಾ ನಿಂತ. ಅಳುತ್ತಾ ಬಂದ ಅಕ್ಕ ತಂಗಿಯರು ಗೇಟಿನಲ್ಲಿ ಸಹಿ ಹಾಕಬೇಕು! ಕಾರಿಡಾರಿನಲ್ಲಿ ಇಡಲು ಎದುರುಮನೆಯವರು ಒಪ್ಪಲಿಲ್ಲ, ಪಾರ್ಕಿಂಗಿನಲ್ಲಿ ಇಟ್ಟರು. ಆಮೇಲೆ ಮೀಟಿಂಗಿನಲ್ಲಿ ದೊಡ್ಡ ಗದ್ದಲ. ಈಗ ಊಟದ ಹಾಲಿನ ಹಿಂದಿನ ವರಾಂಡ ಅದಕ್ಕೆ ಅಂತ ತೀರ್ಮಾನ, ಆ ದಿನ ಗೇಟಿನಲ್ಲಿ ರಿಜಿಸ್ಟರ್ ಇಲ್ಲ. ಹಿರಿಯರಿಗೆ ಅಂತ ಕಟ್ಟುವವರು ಇದಕ್ಕೊಂದು ಜಾಗ ಇಡಬೇಕಿತ್ತು. ಈಜುಕೊಳಕ್ಕೆ ಇಟ್ಟರು.

ಪೈಪ್‌ಲೈನ್

ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ. ಗೇಟಿನ ಮಾತು ಬಂದದ್ದಕ್ಕೆ: ಸೊಪ್ಪಿನವಳನ್ನು ಒಳಗೆ ಬಿಡುತ್ತಾರಾ?

ಎ ಬ್ಲಾಕ್ ಅಜ್ಜಿ

ಮೊದಲು ಬಿಡುತ್ತಿರಲಿಲ್ಲ. ಒಳಗಿನ ಅಂಗಡಿಯಲ್ಲಿ ಬಾಡಿದ ಮೆಂತ್ಯೆ ತಿಂದು ಸಾಕಾಗಿ ಈಗ ಬೆಳಿಗ್ಗೆ ಏಳರಿಂದ ಎಂಟು ಬಿಡುತ್ತಾರೆ. ಇಬ್ಬರು ಈಗಲೂ 'ಸೆಕ್ಯುರಿಟಿ ರಿಸ್ಕ್' ಅಂತ ವಿರೋಧ ಮಾಡುತ್ತಾರೆ. ಮೆಂತ್ಯೆ ಮಾತ್ರ ಅವರೇ ಮೊದಲು ಆರಿಸುತ್ತಾರೆ.

ಕರಾರು ಓದುವವ

ಇದು ಅಪಾರ್ಟ್‌ಮೆಂಟ್ ಆದರೆ ಸಂಘ ತೀರ್ಮಾನಿಸಬಹುದು. ಸೈಟುಗಳ ಲೇಔಟ್ ಆಗಿದ್ದು ರಸ್ತೆ, ಪಾರ್ಕುಗಳನ್ನು ನಗರಾಭಿವೃದ್ಧಿ ಪ್ರಾಧಿಕಾರ ಬುಡಾಗೋ ಪಂಚಾಯ್ತಿಗೋ ಬಿಟ್ಟುಕೊಟ್ಟಿದ್ದರೆ ಅವು ಸಾರ್ವಜನಿಕ ಆಸ್ತಿ. ಗೇಟ್ ಇರಬಹುದು, ಆದರೆ ಜನರನ್ನು ತಡೆಯುವ ಹಕ್ಕು ಇಲ್ಲ. 'ಗೇಟೆಡ್' ಅಂತ ಚದರಡಿಗೆ ಜಾಸ್ತಿ ದುಡ್ಡು ಕೇಳಿದರೆ ಲೇಔಟ್ ಪ್ಲ್ಯಾನ್ ತೋರಿಸಿ ಅನ್ನಿ. ಪಂಚಾಯ್ತಿ ಜಾಗವಾದರೆ ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ ಇ-ಸ್ವತ್ತಿನ ಫಾರಂ 9 ಮತ್ತು 11ಎ ಇರಲಿ. 11ಬಿ ಇದ್ದರೆ ಬ್ಯಾಂಕ್ ಸಾಲಕ್ಕೂ, ನಾಳೆ ಮಾರುವುದಕ್ಕೂ ಕಷ್ಟ.

ಗಾಂಧಿನಗರ ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ಪೂರ್ತಿ ಓದಿ ಹೇಳಿದೆ. ಸಾವಿನ ಮಾತು ಬಂದಾಗ ಮಗ ಎದ್ದು ಹೋದ, ಹೆಂಡತಿ ಮಾತ್ರ "ಆ ಅಜ್ಜಿ ಫೋನ್ ನಂಬರ್ ಸಿಗುತ್ತಾ?" ಅಂದಳು.

ನಾನೂ ಲೆಕ್ಕ ಹಾಕಿದೆ. ಮೇಂಟೆನೆನ್ಸ್ ವರ್ಷಕ್ಕೆ ಶೇ 10 ಏರಿಸಬಹುದು ಅಂತ ಕರಾರಿನಲ್ಲಿದೆ. 4,600 ಏಳು ವರ್ಷಕ್ಕೆ ಸುಮಾರು 8,960 ಆಗುತ್ತದೆ. ತಿಂಗಳಿಗೆ 7,500 ದಾಟಿ ಸಂಘದ ವಹಿವಾಟು ವರ್ಷಕ್ಕೆ 20 ಲಕ್ಷ ಮೀರಿದರೆ ಶೇ 18 ಜಿಎಸ್‌ಟಿ ಬೇರೆ. ಮನೆ ಮಾರಿದ ದುಡ್ಡಿನಲ್ಲಿ ಹಿರಿಯರ ಉಳಿತಾಯ ಯೋಜನೆಯಲ್ಲಿ ಗರಿಷ್ಠ 30 ಲಕ್ಷ ಇಟ್ಟರೆ ಶೇ 8.2ರಂತೆ ಮೂರು ತಿಂಗಳಿಗೆ 61,500 ಬರುತ್ತದೆ, ತಿಂಗಳ ಲೆಕ್ಕದಲ್ಲಿ 20,500. ಆ ಬಡ್ಡಿ ಐದು ವರ್ಷ ಏರುವುದಿಲ್ಲ, ಮೇಲಿಂದ ತೆರಿಗೆ. ನನಗೆ ಸರ್ಕಾರಿ ಪೆನ್ಷನ್ ಇದೆ, ತುಟ್ಟಿಭತ್ಯೆ ಸೇರುತ್ತದೆ, ಹೇಗೋ ನಡೆಯುತ್ತದೆ. ತೋರಣಗಲ್ಲಿನಲ್ಲಿ ಖಾಸಗಿ ಕೆಲಸ ಮಾಡಿ ಬರೀ ಇಪಿಎಫ್ ಪೆನ್ಷನ್ ನಂಬಿದ ನನ್ನ ಗೆಳೆಯನಿಗೆ ಇದು ಆಗುವ ಮಾತಲ್ಲ.

ಈಗಿನ ತೀರ್ಮಾನ ಇಷ್ಟು. ಗಾಂಧಿನಗರದ ಮನೆ ಮಾರುವುದಿಲ್ಲ. ಅಲ್ಲಿ ಒಬ್ಬ ಮಾಲೀಕರು ಬೇಸಿಗೆಗೆ ಮಗಳ ಮನೆಗೆ ಹೋಗುತ್ತಾರಂತೆ, ಅವರ ನೆಲಮಹಡಿ ಫ್ಲ್ಯಾಟಿನಲ್ಲಿ ಏಪ್ರಿಲ್, ಮೇ ಬಾಡಿಗೆಗೆ ಇರುತ್ತೇವೆ. ಬಿಸಿಲು, ನೀರು, ರೊಟ್ಟಿ ಮೂರೂ ಒಟ್ಟಿಗೆ ಗೊತ್ತಾಗುತ್ತದೆ. ಸಂಘದವರ ಹತ್ತಿರ ಕಳೆದ ಬೇಸಿಗೆಯ ಟ್ಯಾಂಕರ್ ಬಿಲ್ ಕೇಳಿದ್ದೇನೆ. ಕೊಡುತ್ತೇವೆ ಅಂದಿದ್ದಾರೆ, ಇನ್ನೂ ಕೊಟ್ಟಿಲ್ಲ.

ಪೈಪ್‌ಲೈನ್

ಕೊಡದಿದ್ದರೆ ಪಂಪ್ ಆಪರೇಟರ್ ಹುಡುಗನ ಜೊತೆ ಒಂದು ಚಹಾ ಕುಡಿಯಿರಿ. ಟ್ಯಾಂಕರ್ ಎಷ್ಟು ಬಂತು ಅಂತ ಅವನ ಡೈರಿಯಲ್ಲಿ ಇರುತ್ತದೆ. ಸಿಕ್ಕರೆ ಇಲ್ಲಿ ಹಾಕಿ, ನಾನು ನೋಡಿ ಹೇಳುತ್ತೇನೆ.